‘ಆರಿಸಲಾಯಿತು’ ಎಂದಿರಿ, ಆರಿಸಿದವರು ಯಾರು?

ಮಾನ್ಯರೇ,

ರಾಷ್ಟ್ರೀಯ ಫುಟ್‌ಬಾಲ್ ತಂಡಗಳ ಅಂಗಿಯ ಬಣ್ಣಗಳನ್ನು ಕುರಿತು ನೀವು ಕಳುಹಿಸಿದ ‘ಎದೆಯ ಮೇಲಿನ ಬಾವುಟ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಓದಿನಲ್ಲಿ ಸಂತೋಷವಾಯಿತು, ಎರಡನೆಯದರಲ್ಲಿ ಸಿಟ್ಟು ಬಂತು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹೀಗೆ ಹಿಂದಿರುಗಿಸುವ ಬರಹಗಳಿಗೆ ನಾನು ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆಯುತ್ತೇನೆ. ನಿಮಗೆ ಉದ್ದದ ಪತ್ರ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಏಳನೆಯ ಪುಟದಲ್ಲಿರುವ ಮೂರು ಸಾಲುಗಳು. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಿಷಯ ಚೆನ್ನಾಗಿದೆ, ಕನ್ನಡದಲ್ಲಿ ಇದನ್ನು ಕುರಿತು ಬರೆದವರು ಕಡಿಮೆ, ನಿಮ್ಮ ಕಾಗುಣಿತ ಶುದ್ಧವಾಗಿದೆ. ಕ್ಯಾಮರೂನ್ ತಂಡದ ತೋಳಿಲ್ಲದ ಅಂಗಿಯ ಭಾಗವನ್ನೂ ಅಂಗಿ ತಯಾರಕರ ವ್ಯಾಪಾರದ ಭಾಗವನ್ನೂ ನಾನು ಇಲ್ಲಿ ಮುಟ್ಟುವುದಿಲ್ಲ. ನನ್ನನ್ನು ಕಾಡಿದ್ದು ಎರಡೇ ಸಂಗತಿಗಳು.

ಮೊದಲನೆಯದು ನಿಮ್ಮ ಕ್ರಿಯಾಪದ. ‘ನೀಲಿಯನ್ನು ಅಳವಡಿಸಿಕೊಳ್ಳಲಾಯಿತು’, ‘ಹಳದಿಯನ್ನು ಆರಿಸಲಾಯಿತು’, ‘ಹಸಿರನ್ನು ಗೌರವಾರ್ಥವಾಗಿ ಧರಿಸಲಾಯಿತೆಂದು ಹೇಳಲಾಗುತ್ತದೆ’. ಪೆನ್ಸಿಲ್ ಹಿಡಿದು ಎಣಿಸಿದೆ. ಒಂಬತ್ತು ಪುಟಗಳಲ್ಲಿ ಇಂತಹ ಪ್ರಯೋಗಗಳು ಮೂವತ್ತೊಂದು ಇವೆ. ಕನ್ನಡದ ಕ್ರಿಯಾಪದ ಉದಾರವಾದದ್ದು. ಕರ್ತೃಪದವನ್ನು ನಾವು ಬಿಟ್ಟರೂ ‘ಆರಿಸಿದನು’, ‘ಆರಿಸಿದರು’ ಎಂಬಲ್ಲಿ ಆ ಕೆಲಸ ಮಾಡಿದವನ ನೆರಳು ಉಳಿದಿರುತ್ತದೆ. ‘ಆರಿಸಲಾಯಿತು’ ಎಂದ ಕೂಡಲೇ ಆ ನೆರಳೂ ಅಳಿಸಿಹೋಗುತ್ತದೆ. ಸರಕಾರಿ ಸುತ್ತೋಲೆಯಲ್ಲಿ ಇದಕ್ಕೆ ಜಾಗವಿರಬಹುದು. ಆದರೆ ಬಣ್ಣವೊಂದು ಹೇಗೆ ಪರಂಪರೆಯಾಯಿತೆಂದು ಹೇಳಲು ಹೊರಟ ಲೇಖನದಲ್ಲಿ, ಆ ಬಣ್ಣವನ್ನು ಮೊದಲು ಮುಟ್ಟಿದ ಕೈಯನ್ನೇ ಮರೆಮಾಡಿದರೆ ಓದುಗರಿಗೆ ಏನು ಉಳಿಯುತ್ತದೆ?

ನಿಮ್ಮ ಸಾಲುಗಳನ್ನೇ ಒಂದೊಂದಾಗಿ ನೋಡೋಣ.

‘ಪ್ರತಿ ದೇಶದ ತಂಡವೂ ತನ್ನ ಧ್ವಜದ ಬಣ್ಣವನ್ನು ಎದೆಗಪ್ಪಿಕೊಂಡೇ ಮೈದಾನಕ್ಕಿಳಿಯುತ್ತದೆ.’ ಇದು ನಿಮ್ಮ ಮೊದಲ ವಾಕ್ಯ, ಶೀರ್ಷಿಕೆಯ ಆಧಾರವೂ ಇದೇ. ಆದರೆ ಇದು ನಿಜವಲ್ಲ. ಇಟಲಿಯ ಅಂಗಿ ನೀಲಿ, ಧ್ವಜದಲ್ಲಿ ನೀಲಿ ಇಲ್ಲ; ನೆದರ್ಲೆಂಡ್ಸ್ ಅಂಗಿ ಕಿತ್ತಳೆ, ಧ್ವಜದಲ್ಲಿ ಕಿತ್ತಳೆ ಇಲ್ಲ; ಜಪಾನಿನ ಅಂಗಿ ನೀಲಿ, ಧ್ವಜ ಬಿಳಿಯ ಮೇಲೆ ಕೆಂಪು ವೃತ್ತ. ಇಂದಿನ ಜರ್ಮನ್ ಧ್ವಜದಲ್ಲಿ ಬಿಳಿ ಇಲ್ಲ. ಆ ತಂಡದ ಬಿಳಿ ಅಂಗಿ ಮತ್ತು ಕಪ್ಪು ಚಡ್ಡಿ ಹಳೆಯ ಪ್ರಷ್ಯಾ ರಾಜ್ಯದ ಬಣ್ಣಗಳು. ಆಸ್ಟ್ರೇಲಿಯಾದ ಹಸಿರು ಮತ್ತು ಹೊಂಬಣ್ಣ ಆ ನಾಡಿನ ವಾಟಲ್ ಗಿಡದ ಹೂವಿನಿಂದ, ಎಲೆಯಿಂದ ಬಂದವು. ಧ್ವಜದಲ್ಲಿ ಅವುಗಳ ಸುಳಿವೂ ಇಲ್ಲ. ಇಷ್ಟು ದೊಡ್ಡ ತಂಡಗಳೆಲ್ಲ ಹೊರಗೆ ನಿಂತಮೇಲೆ ‘ಪ್ರತಿ ದೇಶದ’ ಎಂಬ ಮಾತಿಗೆ ಏನು ಅರ್ಥ? ಮೊದಲ ವಾಕ್ಯವನ್ನು ಚೆಂದಕ್ಕಾಗಿ ಬರೆದು, ಮುಂದಿನ ಎಂಟು ಪುಟಗಳಲ್ಲಿ ಅದಕ್ಕೆ ಒಪ್ಪದ ಎಷ್ಟೋ ತಂಡಗಳನ್ನು ನೀವು ಸದ್ದಿಲ್ಲದೆ ಕೈಬಿಟ್ಟಿದ್ದೀರಿ. ಜಪಾನನ್ನು ಒಂದೆಡೆಯೂ ಹೆಸರಿಸಿಲ್ಲ. ಆ ತಂಡ 1980ರ ದಶಕದ ಕೊನೆಯಲ್ಲಿ ಕೆಲವು ವರ್ಷ ಧ್ವಜದ ಕೆಂಪನ್ನೇ ತೊಟ್ಟು ಆಡಿ, ಮತ್ತೆ ನೀಲಿಗೆ ಮರಳಿತು. ಧ್ವಜದ ಬಣ್ಣ ಕೈಗೆ ಬಂದಮೇಲೂ ಒಂದು ತಂಡ ಅದನ್ನು ಬಿಟ್ಟು ಹಳೆಯ ಬಣ್ಣಕ್ಕೆ ಹಿಂದಿರುಗಿದ್ದು ನಿಮ್ಮ ಲೇಖನಕ್ಕೆ ಎಂತಹ ಸಾಮಗ್ರಿಯಾಗಿತ್ತು!

‘ಇಟಲಿಯಲ್ಲಿ ನೀಲಿಯನ್ನು ಅಳವಡಿಸಿಕೊಳ್ಳಲಾಯಿತು.’ ಯಾವಾಗ? ಇಟಲಿ 1910ರ ಮೇ 15ರಂದು ಫ್ರಾನ್ಸ್ ವಿರುದ್ಧ ತನ್ನ ಮೊದಲ ಪಂದ್ಯ ಆಡಿದಾಗ ಆಟಗಾರರು ಬಿಳಿ ಅಂಗಿ ತೊಟ್ಟಿದ್ದರು. 1911ರ ಜನವರಿ 6ರಂದು ಹಂಗೆರಿಯ ವಿರುದ್ಧ ಮೊದಲ ಬಾರಿಗೆ ನೀಲಿಯಲ್ಲಿ ಇಳಿದರು. ಆ ನೀಲಿ ಅಂದಿನ ಇಟಲಿಯನ್ನು ಆಳುತ್ತಿದ್ದ ಸವಾಯ್ ರಾಜಮನೆತನದ ಬಣ್ಣ. 1946ರಲ್ಲಿ ಇಟಲಿಯ ಜನ ಮತ ಹಾಕಿ ಅರಸೊತ್ತಿಗೆಯನ್ನು ಕೊನೆಗೊಳಿಸಿದರು. ಧ್ವಜದ ನಡುವೆ ಇದ್ದ ಸವಾಯ್ ಲಾಂಛನವೂ ಹೋಯಿತು, ಅಂಗಿಯ ನೀಲಿ ಮಾತ್ರ ಹಾಗೆಯೇ ಉಳಿಯಿತು. ರಾಜನನ್ನು ಇಳಿಸಿದ ಜನರೇ ರಾಜಮನೆತನದ ಬಣ್ಣಕ್ಕೆ ಇಂದಿಗೂ ಜಯಕಾರ ಹಾಕುತ್ತಾರೆ. ಪರಂಪರೆ ಎಂಬ ಪದವನ್ನು ನೀವು ಹದಿನಾಲ್ಕು ಸಲ ಬಳಸಿದ್ದೀರಿ; ಅದು ಹೇಗೆ ನಡೆದುಕೊಳ್ಳುತ್ತದೆಂದು ತೋರಿಸುವ ಈ ಒಂದು ಸಂಗತಿಯನ್ನು ‘ಅಳವಡಿಸಿಕೊಳ್ಳಲಾಯಿತು’ ಎಂಬ ಪದದ ಕೆಳಗೆ ಹೂತುಬಿಟ್ಟಿದ್ದೀರಿ.

‘ಯುದ್ಧಾನಂತರ ತಮ್ಮೊಡನೆ ಆಡಲು ಮೊದಲು ಒಪ್ಪಿದ ಐರ್ಲೆಂಡಿನ ಗೌರವಾರ್ಥ ಜರ್ಮನರಿಂದ ಹಸಿರನ್ನು ಧರಿಸಲಾಯಿತೆಂದು ಹೇಳಲಾಗುತ್ತದೆ.’ ಹೌದು, ಹಾಗೆ ಹೇಳುವವರು ಬಹಳ ಮಂದಿ. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿ ಮೊದಲು ಆಡಿದ್ದು 1950ರ ನವೆಂಬರ್ 22ರಂದು ಸ್ಟುಟ್‌ಗಾರ್ಟ್‌ನಲ್ಲಿ, ಸ್ವಿಟ್ಜರ್ಲೆಂಡ್ ವಿರುದ್ಧ. ಜರ್ಮನರ ಬದಲಿ ಅಂಗಿಯ ಆ ಹಸಿರು ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಸ್ವಂತ ಬಣ್ಣ; ಅದರ ಲಾಂಛನವನ್ನು ನೋಡಿದರೆ ಗೊತ್ತಾಗುತ್ತದೆ. ಕಥೆ ಸೊಗಸಾಗಿದೆ ಎಂಬ ಕಾರಣಕ್ಕೆ ನೀವು ಅದನ್ನು ಬರೆದಿರಿ. ಒಳಗೊಳಗೇ ಅನುಮಾನವಿದ್ದುದರಿಂದ ‘ಹೇಳಲಾಗುತ್ತದೆ’ ಎಂದು ಸೇರಿಸಿದಿರಿ. ಅನುಮಾನ ಬಂದ ಕ್ಷಣದಲ್ಲಿ ಪಂದ್ಯಗಳ ಪಟ್ಟಿಯನ್ನು ತೆಗೆದು ನೋಡಬೇಕಿತ್ತು. ‘ಹೇಳಲಾಗುತ್ತದೆ’ ಎಂಬುದು ಓದುಗರ ಹೆಗಲಿಗೆ ನಿಮ್ಮ ಕೆಲಸವನ್ನು ದಾಟಿಸುವ ಪದ. ಅದನ್ನು ನಾನು ಒಪ್ಪಿಕೊಳ್ಳಲಾರೆ.

‘1950ರ ಕಣ್ಣೀರಿನಿಂದ ಬ್ರೆಜಿಲಿನ ಹಳದಿ ಅಂಗಿ ಜನಿಸಿತು.’ ಕಣ್ಣೀರಿನಿಂದ ಅಂಗಿ ಹುಟ್ಟುವುದಿಲ್ಲ. 1950ರ ಜುಲೈ 16ರಂದು ಮಾರಕಾನಾ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆಯ ಎದುರು ಬ್ರೆಜಿಲ್ 2–1ರಿಂದ ಸೋತಾಗ ಆಟಗಾರರು ತೊಟ್ಟಿದ್ದು ನೀಲಿ ಕಾಲರಿನ ಬಿಳಿ ಅಂಗಿ, ನಿಜ. ಆಮೇಲೆ 1953ರಲ್ಲಿ ‘ಕೊರೆಯೊ ದ ಮಾನ್ಯಾ’ ಎಂಬ ಪತ್ರಿಕೆ ಹೊಸ ಉಡುಪಿಗಾಗಿ ಸ್ಪರ್ಧೆ ನಡೆಸಿತು. ಧ್ವಜದ ನಾಲ್ಕೂ ಬಣ್ಣಗಳು ಇರಲೇಬೇಕೆಂಬುದು ಅದರ ಷರತ್ತು. ಗೆದ್ದವನು ಆಲ್ದಿರ್ ಗಾರ್ಸಿಯಾ ಶ್ಲೀ, ಉರುಗ್ವೆಯ ಗಡಿಗೆ ಅಂಟಿಕೊಂಡ ಊರಿನಲ್ಲಿ ಬೆಳೆದ, ಇನ್ನೂ ಇಪ್ಪತ್ತು ತುಂಬದ ತರುಣ. ನಾಲ್ಕು ಬಣ್ಣಗಳು ಒಂದಕ್ಕೊಂದು ಹೊಂದಿಕೊಳ್ಳದೆ ಚಿತ್ರದ ಮೇಲೆ ಚಿತ್ರ ಬರೆದು, ಕೊನೆಗೆ ಹಳದಿ ಅಂಗಿಗೆ ಹಸಿರು ಅಂಚು, ನೀಲಿ ಚಡ್ಡಿ, ಬಿಳಿ ಕಾಲುಚೀಲ ಎಂಬಲ್ಲಿಗೆ ಬಂದು ನಿಂತ. ಅವನ ಒಲವು ಬ್ರೆಜಿಲಿಗಿಂತ ಉರುಗ್ವೆಯ ಕಡೆಗೇ ಇತ್ತೆಂಬುದನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಒಂದು ಪತ್ರಿಕೆ, ಒಂದು ಷರತ್ತು, ಮೇಜಿನ ಮುಂದೆ ಬಣ್ಣದೊಡನೆ ಗುದ್ದಾಡುತ್ತ ಕುಳಿತ ಒಬ್ಬ ಹುಡುಗ. ನಿಮ್ಮ ‘ಕಣ್ಣೀರು’ ಇವರೆಲ್ಲರನ್ನೂ ತೊಳೆದುಹಾಕಿದೆ.

ಈ ತಪ್ಪು ನನ್ನನ್ನು ಇಷ್ಟೊಂದು ಕಲಕುವುದಕ್ಕೆ ಕಾರಣವಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ದಿನಪತ್ರಿಕೆಯೊಂದರ ಕ್ರೀಡಾಪುಟಕ್ಕೆ ಸೇರಿದೆ. ವಿಶ್ವಕಪ್ ಹತ್ತಿರವಾದಾಗ ಹಳೆಯ ಫೈನಲ್ ಪಂದ್ಯಗಳನ್ನು ನೆನಪಿಸುವ ಪುಟ್ಟ ಅಂಕಣವನ್ನು ನನಗೆ ವಹಿಸಿದ್ದರು. 1958ರ ಫೈನಲ್ ಕುರಿತು ಬರೆಯುತ್ತ ‘ಹಳದಿ ಅಂಗಿಯ ಬ್ರೆಜಿಲ್ ಚಿನ್ನದಂತೆ ಹೊಳೆಯಿತು’ ಎಂದು ಬರೆದು, ಕಡತದಿಂದ ಒಂದು ಕಪ್ಪು ಬಿಳುಪು ಚಿತ್ರವನ್ನು ಜೊತೆಗಿಟ್ಟು ಹಿರಿಯ ಉಪಸಂಪಾದಕರ ಮೇಜಿಗೆ ಒಯ್ದೆ. ಅವರು ಬರಹವನ್ನು ಪಕ್ಕಕ್ಕಿಟ್ಟು ಚಿತ್ರವನ್ನು ನನ್ನ ಕಡೆಗೆ ತಿರುಗಿಸಿ, ‘ಇದರಲ್ಲಿ ಯಾರ ಅಂಗಿ ಕಪ್ಪಗೆ ಕಾಣುತ್ತದೆ?’ ಎಂದು ಕೇಳಿದರು. ಕಪ್ಪಗೆ ಕಾಣುತ್ತಿದ್ದವರು ಬ್ರೆಜಿಲಿನವರು, ಬೆಳ್ಳಗೆ ಕಾಣುತ್ತಿದ್ದವರು ಸ್ವೀಡನ್ನಿನವರು. ಚಿತ್ರ ಎರಡು ಗಂಟೆ ನನ್ನ ಕೈಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಪುಟಗಳನ್ನು ತಡಕಿ ಬಂದು, ‘ಎರಡೂ ತಂಡಗಳದು ಹಳದಿಯಾದ್ದರಿಂದ ಬ್ರೆಜಿಲಿನ ಬಣ್ಣವನ್ನು ನೀಲಿಗೆ ಬದಲಿಸಲಾಯಿತು’ ಎಂದು ತಿದ್ದಿ ಕೊಟ್ಟೆ. ಅವರು ‘ಬದಲಿಸಲಾಯಿತು’ ಎಂಬುದರ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ‘ಯಾರು?’ ಎಂದು ಬರೆದು ಮತ್ತೆ ಕಳುಹಿಸಿದರು. ಆ ಸಂಜೆ ನಾನು ಮತ್ತೆ ಗ್ರಂಥಾಲಯದ ಮೆಟ್ಟಿಲು ಹತ್ತಿದೆ. ಸ್ಟಾಕ್‌ಹೋಮಿನಲ್ಲಿ ನೀಲಿ ಅಂಗಿಗಳನ್ನು ಕೊಂಡುತಂದು, ಹಳದಿ ಅಂಗಿಗಳಿಂದ ಲಾಂಛನಗಳನ್ನು ಬಿಡಿಸಿ ಅವುಗಳಿಗೆ ಹೊಲಿದರೆಂದೂ, ಹಳದಿ ತಪ್ಪಿತಲ್ಲಾ ಎಂದು ಕಳವಳಗೊಂಡಿದ್ದ ಆಟಗಾರರಿಗೆ ನಿಯೋಗದ ಮುಖ್ಯಸ್ಥ ಪಾಲೊ ಮಶಾದೊ ದಿ ಕರ್ವಾಲ್ಯೊ, ನೀಲಿಯು ನಾಡಿನ ರಕ್ಷಕಿ ಅಪರೆಸೀದಾ ಮಾತೆಯ ಮೇಲ್ವಸ್ತ್ರದ ಬಣ್ಣವೆಂದು ಧೈರ್ಯ ತುಂಬಿದನೆಂದೂ ತಿಳಿದದ್ದು ಹಾಗೆ. ಆ ನೀಲಿಯಲ್ಲೇ ಬ್ರೆಜಿಲ್ 5–2ರಿಂದ ಗೆದ್ದು ತನ್ನ ಮೊದಲ ವಿಶ್ವಕಪ್ ಎತ್ತಿತು. ‘ಯಾರು?’ ಎಂಬ ಆ ಒಂದು ಪದ ಇಲ್ಲದಿದ್ದರೆ ಇದಾವುದೂ ನನ್ನ ಅಂಕಣಕ್ಕೆ ಬರುತ್ತಿರಲಿಲ್ಲ. ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಮೂವತ್ತೊಂದು ಕಡೆ ಅದೇ ಪದವನ್ನು ಬರೆದಿದ್ದೇನೆ.

ಇನ್ನು ಎರಡನೆಯ ಸಂಗತಿ. ಆರನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ನಿಯಮಪುಸ್ತಕಕ್ಕೆ ಭಾವನೆಗಳು ತಿಳಿಯವು. ಪರಂಪರೆಯ ಬಣ್ಣವನ್ನು ಕಳಚಿಡಿ ಎಂದು ಆಜ್ಞಾಪಿಸುವುದಷ್ಟೇ ಅದರ ಕೆಲಸ.’ ನಿಯಮವನ್ನು ಪರಂಪರೆಯ ಶತ್ರುವಾಗಿ ನಿಲ್ಲಿಸುವ ಈ ಮಾತನ್ನು ನೀವು ನಿಯಮವನ್ನು ಓದದೆಯೇ ಬರೆದಿದ್ದೀರಿ. ಫುಟ್‌ಬಾಲಿನ ನಾಲ್ಕನೆಯ ನಿಯಮ ಬಣ್ಣದ ವಿಷಯದಲ್ಲಿ ಹೇಳುವುದು ಸ್ವಲ್ಪ: ಎರಡು ತಂಡಗಳ ಬಣ್ಣ ಒಂದರಿಂದೊಂದು ಬೇರೆಯಾಗಿ ಕಾಣಬೇಕು, ರೆಫರಿ ಮತ್ತು ಸಹಾಯಕರಿಂದಲೂ ಬೇರೆಯಾಗಿರಬೇಕು, ಗೋಲ್‌ಕೀಪರ್ ಉಳಿದೆಲ್ಲರಿಂದ ಬೇರೆಯಾಗಿ ಕಾಣಬೇಕು. ಒಳ ಅಂಗಿ ಕಂಡರೆ ಅದು ತೋಳಿನ ಮುಖ್ಯ ಬಣ್ಣದ್ದಾಗಿರಬೇಕು, ಕಾಲುಚೀಲದ ಮೇಲೆ ಸುತ್ತಿದ ಪಟ್ಟಿ ಆ ಭಾಗದ ಬಣ್ಣದ್ದೇ ಆಗಿರಬೇಕು. ಇಬ್ಬರು ಗೋಲ್‌ಕೀಪರುಗಳ ಅಂಗಿ ಒಂದೇ ಬಣ್ಣದ್ದಾಗಿ, ಇಬ್ಬರಲ್ಲೂ ಬೇರೆ ಅಂಗಿ ಇಲ್ಲದಿದ್ದರೆ ಪಂದ್ಯ ನಡೆಯಲಿ ಎನ್ನುವಷ್ಟು ಸೌಜನ್ಯವೂ ಅದಕ್ಕಿದೆ. ಯಾವ ತಂಡ ತನ್ನ ಬಣ್ಣ ಬಿಟ್ಟುಕೊಡಬೇಕೆಂಬ ಆಜ್ಞೆ ಅದರಲ್ಲಿ ಎಲ್ಲೂ ಇಲ್ಲ. ಅದನ್ನು ಆಯಾ ಪಂದ್ಯಾವಳಿಯ ಆಡಳಿತ ನಿರ್ಧರಿಸುತ್ತದೆ. ನೀವು ‘ಆಜ್ಞೆ’ ಎಂದು ಕರೆದದ್ದು ಕಣ್ಣಿನ ಅಗತ್ಯ: ತಲೆಯೆತ್ತಿ ಚೆಂಡು ಒದೆಯುವವನಿಗೆ ಅರೆಕ್ಷಣದಲ್ಲಿ ತನ್ನವನು ಯಾರೆಂದು ಗೊತ್ತಾಗಬೇಕು, ನೋಡುವವನಿಗೂ ಗೊತ್ತಾಗಬೇಕು.

ಆ ಕಣ್ಣು ಯಾರದೆಂಬ ಪ್ರಶ್ನೆ ಕಾಲಕಾಲಕ್ಕೆ ಬದಲಾಗಿದೆ, ಈ ವಿಷಯದ ನಿಜವಾದ ಸ್ವಾರಸ್ಯವೂ ಅಲ್ಲಿದೆ. ಕಪ್ಪು ಬಿಳುಪು ಟಿವಿಯ ಕಾಲದಲ್ಲಿ ಕೆಂಪು ಮತ್ತು ನೀಲಿ ಎರಡೂ ಒಂದೇ ಕಪ್ಪಾಗಿ ಕಾಣುತ್ತಿದ್ದುದರಿಂದ ಒಂದು ತಂಡ ತಿಳಿಬಣ್ಣ ತೊಡಬೇಕಾಗುತ್ತಿತ್ತು. ಬಣ್ಣದ ಟಿವಿ ಬಂದಮೇಲೆ ಬೇರೊಂದು ಕಣ್ಣು ನೆನಪಾಯಿತು. ಸುಮಾರು ಹನ್ನೆರಡು ಗಂಡಸರಲ್ಲಿ ಒಬ್ಬರಿಗೆ ಬಣ್ಣಗುರುಡು ಇರುತ್ತದೆ. ಅವರಲ್ಲಿ ಬಹುಪಾಲು ಜನ ತಡವರಿಸುವುದು ಕೆಂಪು ಹಸಿರಿನ ನಡುವೆ. 2018ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ರಷ್ಯಾ ಕೆಂಪಿನಲ್ಲೂ ಸೌದಿ ಅರೇಬಿಯಾ ಹಸಿರಿನಲ್ಲೂ ಆಡಿದವು. ಎರಡೂ ತಂಡಗಳು ತಮ್ಮ ಪರಂಪರೆಯ ಬಣ್ಣದಲ್ಲೇ ಇದ್ದವು, ಯಾರೂ ಏನನ್ನೂ ಕಳಚಿಡಲಿಲ್ಲ, ಆದರೆ ಎಷ್ಟೋ ಮಂದಿ ನೋಡುಗರಿಗೆ ಯಾರು ಯಾರೆಂದೇ ತಿಳಿಯಲಿಲ್ಲ. ನಿಮ್ಮ ವಾದವನ್ನು ಕೊನೆಯವರೆಗೂ ಒಪ್ಪಿದರೆ ನಾವು ತಲುಪುವ ಜಾಗ ಅದು. ಆ ನೋಡುಗರಿಗೆ ಭಾವನೆಗಳಿಲ್ಲವೇ?

ಇನ್ನೊಂದು ಮಾತು. ಬಿಟ್ಟುಕೊಟ್ಟ ಬಣ್ಣವೂ ಪರಂಪರೆಯನ್ನು ಹುಟ್ಟಿಸುತ್ತದೆ. ಇಂಗ್ಲೆಂಡ್ ತನ್ನ ಒಂದೇ ಒಂದು ವಿಶ್ವಕಪ್ಪನ್ನು 1966ರಲ್ಲಿ ತನ್ನದೇ ವೆಂಬ್ಲಿ ಕ್ರೀಡಾಂಗಣದಲ್ಲಿ ಗೆದ್ದದ್ದು ಕೆಂಪು ಅಂಗಿಯಲ್ಲಿ, ಏಕೆಂದರೆ ಎದುರಿಗಿದ್ದ ಪಶ್ಚಿಮ ಜರ್ಮನಿಯದೂ ಬಿಳಿ. ಅಲ್ಲಿನ ಅಭಿಮಾನಿಗಳಿಗೆ ಇಂದು ಆ ಕೆಂಪು ಬಿಳಿಯಷ್ಟೇ ಪವಿತ್ರ. 1958ರ ನೀಲಿಯ ಕಥೆಯನ್ನು ಮೇಲೆ ಹೇಳಿದೆ. ನಿಯಮ ಮಧ್ಯೆ ಬಾರದಿದ್ದರೆ ಈ ಎರಡು ಬಣ್ಣಗಳಿಗೆ ಆ ಕೀರ್ತಿ ಬರುತ್ತಲೇ ಇರಲಿಲ್ಲ.

ಈಗ ಏಳನೆಯ ಪುಟದ ಮೂರು ಸಾಲುಗಳು. 1978ರ ವಿಶ್ವಕಪ್ಪಿನಲ್ಲಿ, ಜೂನ್ 10ರಂದು ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಫ್ರಾನ್ಸ್ ಮತ್ತು ಹಂಗೆರಿ ಎರಡೂ ಬಿಳಿ ಅಂಗಿಯಲ್ಲಿ ಬಂದು ನಿಂತದ್ದು, ಬೇರೆ ಅಂಗಿಯೇ ಇಲ್ಲದೆ ಪಂದ್ಯ ತಡವಾದದ್ದು, ಕೊನೆಗೆ ಆ ಊರಿನ ಕಿಂಬರ್ಲಿ ಎಂಬ ಪುಟ್ಟ ಕ್ಲಬ್ಬಿನ ಹಸಿರು ಬಿಳಿ ಪಟ್ಟೆಯ ಅಂಗಿಗಳನ್ನು ತರಿಸಿ ಫ್ರಾನ್ಸಿನವರು ತೊಟ್ಟು 3–1ರಿಂದ ಗೆದ್ದದ್ದು. ‘ಅಂಗಿ ಕಿಂಬರ್ಲಿಯದು, ಚಡ್ಡಿ ಫ್ರಾನ್ಸಿನದು, ಕೆಲವರಿಗೆ ಎರಡರ ಮೇಲಿನ ಸಂಖ್ಯೆಗಳೂ ಬೇರೆ ಬೇರೆ’ ಎಂದು ಬರೆದಿದ್ದೀರಿ. ಈ ಸಾಲಿನಲ್ಲಿ ‘ಲಾಯಿತು’ ಇಲ್ಲ, ಕಣ್ಣೀರಿಲ್ಲ. ನೀವು ಚಿತ್ರವನ್ನು ನೋಡಿ ಬರೆದಿದ್ದೀರಿ. ಒಂಬತ್ತು ಪುಟಗಳಲ್ಲಿ ನಾನು ನಿಮ್ಮನ್ನು ನಂಬಿದ್ದು ಇಲ್ಲಿ. ಆದರೆ ಮರುಸಾಲಿನಲ್ಲೇ ‘ಇಂತಹ ತಮಾಷೆಯ ಪ್ರಸಂಗಗಳೂ ಉಂಟು’ ಎಂದು ಅದನ್ನು ಕೈಬಿಟ್ಟಿರಿ. ಅದು ತಮಾಷೆಯಲ್ಲ. ಕಪ್ಪು ಬಿಳುಪು ಪರದೆಯಲ್ಲಿ ಫ್ರಾನ್ಸಿನ ನೀಲಿ ಮತ್ತು ಹಂಗೆರಿಯ ಕೆಂಪು ಒಂದೇ ಆಗಿ ಕಾಣಬಾರದೆಂಬ ಕಾಳಜಿ, ಸರಿಯಾಗಿ ತಲುಪದ ಸೂಚನೆ, ತಮ್ಮದಲ್ಲದ ಬಣ್ಣದಲ್ಲಿ ದೇಶಕ್ಕಾಗಿ ಆಡಿದ ಹನ್ನೊಂದು ಜನ: ನಿಮ್ಮ ವಿಷಯವೆಲ್ಲ ಅಲ್ಲಿದೆ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಈ ಪಂದ್ಯದಿಂದ ಲೇಖನವನ್ನು ಆರಂಭಿಸಿ, ಅದಕ್ಕೆ ಕಡಿಮೆಯೆಂದರೂ ಒಂದೂವರೆ ಪುಟ ಕೊಡಿ. 1934ರ ವಿಶ್ವಕಪ್ಪಿನ ಮೂರನೆಯ ಸ್ಥಾನದ ಪಂದ್ಯದಲ್ಲಿ ಆಸ್ಟ್ರಿಯಾದವರು ನೇಪಲ್ಸಿನ ಕ್ಲಬ್ಬಿನ ನೀಲಿ ಅಂಗಿಯಲ್ಲಿ ಜರ್ಮನಿಯ ವಿರುದ್ಧ ಆಡಿದ್ದನ್ನೂ, 1958ರಲ್ಲಿ ಅರ್ಜೆಂಟೀನಾದವರು ಸ್ವೀಡನ್ನಿನ ಮಾಲ್ಮೊ ನಗರದ ಕ್ಲಬ್ಬಿನ ಹಳದಿ ಅಂಗಿಯಲ್ಲಿ ಆಡಿದ್ದನ್ನೂ ಅದರ ಪಕ್ಕದಲ್ಲಿಡಿ. ಎರವಲು ಅಂಗಿಗಳ ಸಾಲು ತಾನೇ ರೂಪುಗೊಳ್ಳುತ್ತದೆ. ಹಸ್ತಪ್ರತಿಯನ್ನು ನನ್ನ ಗುರುತುಗಳೊಂದಿಗೆ ಹಿಂದಿರುಗಿಸಿದ್ದೇನೆ. ಮುಂದಿನ ತಿಂಗಳ ಕೊನೆಯೊಳಗೆ ತಿದ್ದಿ ಕಳುಹಿಸಿದರೆ ನಾನೇ ಓದುತ್ತೇನೆ, ಬೇರೆಯವರ ಮೇಜಿಗೆ ಬಿಡುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ