ಅಡುಗೆ–ಆಹಾರ ಪ್ರಶ್ನೋತ್ತರ: ಈ ಸಲ ಬರೀ ಓಟ್ಸ್

ಹೋದ ಸಂಚಿಕೆಯಲ್ಲಿ ಕೊಲೆಸ್ಟರಾಲ್ ಬಗ್ಗೆ ಬರೆಯುವಾಗ ಓಟ್ಸ್ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಮೇಲೆಯೇ. ಉಳಿದವರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ಕಾಯಬೇಕು. ಆಸ್ಪತ್ರೆಯ ಪಥ್ಯದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು, ಮನೆಯಲ್ಲಿ ಅಡುಗೆಯೂ ನನ್ನದೇ. ಹಾಗಾಗಿ ಉತ್ತರಗಳಲ್ಲಿ ಪಥ್ಯ ಎಷ್ಟಿದೆಯೋ ಒಗ್ಗರಣೆಯೂ ಅಷ್ಟೇ ಇದೆ.

ಮೇಡಂ, ಅಂಗಡಿಗೆ ಹೋದರೆ ಸ್ಟೀಲ್ ಕಟ್, ರೋಲ್ಡ್, ಕ್ವಿಕ್, ಇನ್‌ಸ್ಟಂಟ್, ಓಟ್ ಬ್ರ್ಯಾನ್ ಅಂತ ಸಾಲಾಗಿ ಇಟ್ಟಿರುತ್ತಾರೆ. ಇವೆಲ್ಲ ಬೇರೆ ಬೇರೆ ಧಾನ್ಯಗಳೇ? ಯಾವುದನ್ನು ತರಲಿ? – ಗೃಹಿಣಿ, ತುಮಕೂರು

ಧಾನ್ಯ ಒಂದೇ ತಾಯಿ, ಬೇರೆ ಬೇರೆಯಾಗುವುದು ಮಿಲ್ಲಿನಲ್ಲಿ. ಹೊಟ್ಟು ಬಿಡಿಸಿದ ಇಡೀ ಕಾಳನ್ನು ಉಕ್ಕಿನ ಅಲಗಿನಲ್ಲಿ ಎರಡು ಮೂರು ತುಂಡು ಮಾಡಿದರೆ ಅದು ಸ್ಟೀಲ್ ಕಟ್. ನೋಡಲಿಕ್ಕೂ ಬೇಯುವುದಕ್ಕೂ ನಮ್ಮ ಗೋಧಿ ನುಚ್ಚಿನ ಹಾಗೆ. ಇಡೀ ಕಾಳನ್ನೇ ಹಬೆಯಲ್ಲಿ ಮೆತ್ತಗೆ ಮಾಡಿ ರೋಲರ್ ಮಧ್ಯೆ ಚಪ್ಪಟೆ ಮಾಡಿದರೆ ರೋಲ್ಡ್. ತುಂಡು ಮಾಡಿದ ಕಾಳನ್ನು ಹಬೆಗಿಟ್ಟು ಇನ್ನೂ ತೆಳ್ಳಗೆ ಒತ್ತಿದರೆ ಕ್ವಿಕ್. ಇನ್‌ಸ್ಟಂಟ್ ಅಂದರೆ ಮಿಲ್ಲಿನವರೇ ಬೇಯಿಸಿ ಒಣಗಿಸಿ ಕೊಟ್ಟಿದ್ದು, ಬಿಸಿನೀರು ಹಾಕಿದರೆ ಸಾಕು. ಬ್ರ್ಯಾನ್ ಎಂದರೆ ಕಾಳಿನ ಹೊರಪದರದ ತೌಡು.

ತೌಡೊಂದನ್ನು ಬಿಟ್ಟರೆ ಪೌಷ್ಟಿಕಾಂಶದ ಲೆಕ್ಕದಲ್ಲಿ ಇವುಗಳ ನಡುವೆ ದೊಡ್ಡ ಅಂತರವಿಲ್ಲ. 100 ಗ್ರಾಂಗೆ ಸುಮಾರು 380 ಕ್ಯಾಲೊರಿ, 13 ಗ್ರಾಂ ಆಸುಪಾಸು ಪ್ರೋಟೀನ್, 10 ಗ್ರಾಂ ನಾರು. ಅಂತರ ಇರುವುದು ಹೊಟ್ಟೆಗೆ ಹೋದ ಮೇಲೆ ಎಷ್ಟು ಬೇಗ ಸಕ್ಕರೆಯಾಗುತ್ತದೆ ಅನ್ನುವುದರಲ್ಲಿ. ಅದನ್ನು ಹುಬ್ಬಳ್ಳಿಯವರ ಪತ್ರಕ್ಕೆ ಉತ್ತರಿಸುವಾಗ ಹೇಳುತ್ತೇನೆ.

ಒಂದೇ ಡಬ್ಬಿ ತರುವುದಾದರೆ ರೋಲ್ಡ್ ತನ್ನಿ. ಆದರೆ ಹೆಸರು ನೋಡಿ ಮೋಸ ಹೋಗಬೇಡಿ, ಕ್ವಿಕ್ ಪ್ಯಾಕೆಟ್ ಮೇಲೂ ಎಲ್ಲೋ ಮೂಲೆಯಲ್ಲಿ ರೋಲ್ಡ್ ಓಟ್ಸ್ ಅಂತ ಅಚ್ಚಾಗಿರುತ್ತದೆ. ಹಿಂದೆ ತಿರುಗಿಸಿ ಬೇಯುವ ಸಮಯ ನೋಡಿ: ಮೂರು ನಿಮಿಷ ಅಂದಿದ್ದರೆ ಅದು ಕ್ವಿಕ್. ಮನೆಗೆ ತಂದ ಮೇಲೆ ಒಂದು ಚಿಟಿಕೆ ಅಂಗೈಗೆ ಹಾಕಿಕೊಳ್ಳಿ. ಒಳ್ಳೆಯ ರೋಲ್ಡ್ ಓಟ್ಸಿನಲ್ಲಿ ಒಂದೊಂದು ಎಸಳೂ ಇಡಿಯಾಗಿ ಕಿರುಬೆರಳಿನ ಉಗುರಿನಷ್ಟು ಅಗಲ ಇರುತ್ತದೆ, ನಡುವೆ ಕಾಳಿನ ಸೀಳುಗೆರೆ ಕಾಣುತ್ತದೆ. ಎರಡು ಬೆರಳ ಮಧ್ಯೆ ತಿಕ್ಕಿದರೆ ಹಿಟ್ಟು ಉದುರುವುದಿಲ್ಲ. ಕ್ವಿಕ್ ಆದರೆ ತಿಕ್ಕಿದ ಕೂಡಲೇ ಬೆರಳು ಬೆಳ್ಳಗಾಗುತ್ತದೆ.

ಅಕ್ಕಾ, ನಾನು ಓಟ್ಸ್ ಉಪ್ಪಿಟ್ಟು ಮಾಡಿದಾಗಲೆಲ್ಲ ಗೋಂದಿನ ಹಾಗಾಗುತ್ತದೆ. ಅತ್ತೆಯವರು ತಟ್ಟೆ ಹಿಂದಕ್ಕೆ ತಳ್ಳುತ್ತಾರೆ. ಏನು ಮಾಡಲಿ? – ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಅವಲಕ್ಕಿ ತೊಳೆದ ಹಾಗೆ ಓಟ್ಸನ್ನೂ ನೀರಿಗೆ ಹಾಕಿ ತೊಳೆದಿದ್ದೀರಿ, ಅಥವಾ ರವೆ ಉಪ್ಪಿಟ್ಟಿನ ಹಾಗೆ ಕುದಿಯುವ ನೀರಿಗೆ ಸುರಿದಿದ್ದೀರಿ. ಎರಡೂ ಕೂಡದು. ಓಟ್ಸಿನಲ್ಲಿ ಬೀಟಾ ಗ್ಲುಕಾನ್ ಅನ್ನುವ ನಾರು ಇದೆ. ನೀರು ಸಿಕ್ಕಿದರೆ ಅದು ಲೋಳೆಯಾಗುತ್ತದೆ. ನಿಮ್ಮ ಅತ್ತೆಯವರಿಗೆ ಬೇಡವಾದ ಆ ಲೋಳೆಯೇ ಕೊಲೆಸ್ಟರಾಲ್ ಇಳಿಸುವುದು ಅನ್ನುವುದು ಬೇರೆ ಮಾತು. ಉಪ್ಪಿಟ್ಟಿನಲ್ಲಿ ಮಾತ್ರ ಅದನ್ನು ಹದ್ದಿನಲ್ಲಿಡಬೇಕು.

ಒಂದು ಕಪ್ ರೋಲ್ಡ್ ಓಟ್ಸನ್ನು ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ. ಬಣ್ಣ ಬದಲಾಗುವವರೆಗೆ ಕಾಯಬೇಡಿ, ಹುರಿದ ಘಮ ಬಂದರೆ ಸಾಕು. ತಟ್ಟೆಯಲ್ಲಿ ಹರಡಿ ಆರಲು ಬಿಡಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ್ದು ಸೀಯುತ್ತದೆ. ಬೀನ್ಸ್, ಕ್ಯಾರೆಟ್, ಬಟಾಣಿ ಬೇರೆಯಾಗಿ ಬೇಯಿಸಿ ನೀರು ಬಸಿದಿಟ್ಟುಕೊಳ್ಳಿ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಹಸಿಮೆಣಸು, ಕರಿಬೇವು, ಈರುಳ್ಳಿ ಎಂದಿನ ಹಾಗೆ. ಉಪ್ಪು, ಅರಿಶಿನ, ತರಕಾರಿ ಹಾಕಿ, ಮೇಲೆ ಹುರಿದ ಓಟ್ಸ್ ಸುರಿದು ಒಗ್ಗರಣೆ ಎಲ್ಲ ಕಡೆ ಹತ್ತುವ ಹಾಗೆ ಕಲಸಿ. ಈಗ ನೀರು. ಒಂದು ಕಪ್ ಓಟ್ಸಿಗೆ ಬಿಸಿನೀರು ಅರ್ಧ ಕಪ್, ಹೆಚ್ಚೆಂದರೆ ಮುಕ್ಕಾಲು. ಅದನ್ನೂ ಸುರಿಯುವುದಲ್ಲ, ಮೂರು ಸಲ ಚಿಮುಕಿಸುವುದು. ಪ್ರತಿ ಸಲವೂ ಸೌಟಿನಿಂದ ಅಡಿಮೇಲು ಮಾಡಿ. ಮುಚ್ಚಿ ಎರಡು ನಿಮಿಷ ಇಟ್ಟು ಉರಿ ಆರಿಸಿ. ತೆಂಗಿನ ತುರಿ, ನಿಂಬೆರಸ ಕೊನೆಗೆ. ಮತ್ತೆ ಮತ್ತೆ ಕೈಯಾಡಿಸಿದಷ್ಟೂ ಅಂಟು ಬಿಡುತ್ತದೆ, ನೆನಪಿರಲಿ.

ಇದೇ ಅಂಟು ರೊಟ್ಟಿಯಲ್ಲಿ ವರ. ಅಕ್ಕಿಹಿಟ್ಟಿಗೆ ಕಾಲು ಪಾಲು ಓಟ್ಸ್ ಪುಡಿ ಬೆರೆಸಿ ರೊಟ್ಟಿ ತಟ್ಟಿ ನೋಡಿ, ಅಂಚು ಬಿರಿಯುವುದಿಲ್ಲ. ಚಪಾತಿಗೂ ಕಾಲು ಪಾಲಿಗಿಂತ ಹೆಚ್ಚು ಬೇಡ. ಗೋಧಿಯ ಎಳೆತ ಓಟ್ಸಿಗಿಲ್ಲ, ಲಟ್ಟಿಸುವಾಗ ಹರಿಯುತ್ತದೆ. ಬಿಸಿಬೇಳೆಬಾತ್, ಪೊಂಗಲ್, ಮೊಸರನ್ನದ ಥರದ್ದಕ್ಕೆ ಸ್ಟೀಲ್ ಕಟ್ ಒಳ್ಳೆಯದು. ಒಂದಕ್ಕೆ ಮೂರೂವರೆ ನೀರು, ಒಂದು ಚಮಚ ತುಪ್ಪ, ನಾಲ್ಕು ಕೂಗು. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ನೊರೆ ಉಕ್ಕಿ ವಿಸಿಲ್ ಕಟ್ಟಿಕೊಳ್ಳುತ್ತದೆ.

ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಅನ್ನ ಬಿಡಿಸಿ ರಾತ್ರಿ ಮಸಾಲಾ ಓಟ್ಸ್ ಕೊಡುತ್ತಿದ್ದೇವೆ. ಆದರೂ ಶುಗರ್ ಇಳಿಯುತ್ತಿಲ್ಲ. ಓಟ್ಸ್ ತಿಂದರೆ ಇಳಿಯಬೇಕಲ್ಲವೇ ಮೇಡಂ? – ಓದುಗರು, ಹುಬ್ಬಳ್ಳಿ

ಓಟ್ಸ್ ಮಾತ್ರೆ ಅಲ್ಲ, ಧಾನ್ಯ. ಅರ್ಧಕ್ಕಿಂತ ಹೆಚ್ಚು ಭಾಗ ಪಿಷ್ಟವೇ. ಅದು ನಿಧಾನವಾಗಿ ರಕ್ತಕ್ಕೆ ಇಳಿಯಬೇಕಾದರೆ ಕಾಳು ಗಟ್ಟಿಯಾಗಿರಬೇಕು. ಸ್ಟೀಲ್ ಕಟ್ ಮತ್ತು ದಪ್ಪ ಎಸಳಿನ ರೋಲ್ಡ್ ಓಟ್ಸಿನ ಗ್ಲೈಸಿಮಿಕ್ ಇಂಡೆಕ್ಸ್, ಅಂದರೆ ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವ ಅಂಕ, ಸುಮಾರು 55. ಕ್ವಿಕ್ 70 ದಾಟುತ್ತದೆ, ಇನ್‌ಸ್ಟಂಟ್ 75ರ ಹತ್ತಿರ ಹೋಗುತ್ತದೆ. ಅಂದರೆ ಅನ್ನ ಬಿಡಿಸಿದ ಪ್ರಯೋಜನ ಅಲ್ಲಿಗೇ ಕರಗಿತು. ಮಸಾಲಾ ಪ್ಯಾಕೆಟ್ಟುಗಳಲ್ಲಿ ಇರುವುದು ಹೆಚ್ಚಾಗಿ ಈ ತೆಳು ಬಗೆಯೇ, ಜೊತೆಗೆ ಉಪ್ಪು ಧಾರಾಳ. ತಂದೆಯವರಿಗೆ ಬಿಪಿಯೂ ಇದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಪ್ಯಾಕೆಟ್ಟಿನ ಹಿಂದೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರುತ್ತದಲ್ಲ, ಅದು ತೂಕದ ಪ್ರಕಾರ ಇಳಿಕೆ ಕ್ರಮದಲ್ಲಿರುತ್ತದೆ. ಹಣ್ಣಿನ ರುಚಿಯ ಓಟ್ಸಿನಲ್ಲಿ ಎರಡನೇ ಹೆಸರೇ ಸಕ್ಕರೆ ಆಗಿದ್ದರೆ ವಾಪಸ್ ಇಟ್ಟುಬಿಡಿ. ಮನೆಯಲ್ಲೇ ಸ್ಟೀಲ್ ಕಟ್ ಬೇಯಿಸಿ, ಅದರಷ್ಟೇ ಹೆಸರುಬೇಳೆ, ಎರಡರಷ್ಟು ತರಕಾರಿ ಸೇರಿಸಿ ಕಿಚಡಿ ಮಾಡಿ ಕೊಡಿ. ತಟ್ಟೆ ತುಂಬಾ ಬೇಡ, ಒಂದು ಬಟ್ಟಲು. ತಿಂದು ಎರಡು ಗಂಟೆಯ ಮೇಲೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ, ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಮಾವನವರಿಗೆ ಕೊಲೆಸ್ಟರಾಲ್ ಬಂದಿದೆ. ಮುದ್ದೆ ನಿಲ್ಲಿಸಿ ಓಟ್ಸ್ ಶುರು ಮಾಡಿ ಅಂತ ಮೈದುನ ಬೆಂಗಳೂರಿಂದ ದಿನಾ ಫೋನ್ ಮಾಡುತ್ತಾರೆ. ಮಾವನವರು ಒಪ್ಪುತ್ತಿಲ್ಲ. – ರೈತ ಮಹಿಳೆ, ಮಂಡ್ಯ

ನಿಮ್ಮ ಮಾವನವರ ಪಕ್ಷ ನಾನು. ಮುದ್ದೆ ಏನು ತಪ್ಪು ಮಾಡಿತು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು. ಓಟ್ಸಿನಲ್ಲಿ ಕ್ಯಾಲ್ಸಿಯಂ 50ರ ಆಸುಪಾಸು. ಪ್ರೋಟೀನ್ ಮಾತ್ರ ಓಟ್ಸಿನಲ್ಲಿ ರಾಗಿಗಿಂತ ಸುಮಾರು ಇಮ್ಮಡಿ. ಆದರೆ ಮುದ್ದೆಯನ್ನು ಯಾರೂ ಬರೀ ತಿನ್ನುವುದಿಲ್ಲವಲ್ಲ, ಹುರುಳಿ ಸಾರೋ ಬಸ್ಸಾರೋ ಅದನ್ನು ತುಂಬಿಕೊಡುತ್ತದೆ.

ಹಾಗಂತ ಮೈದುನನ ಮಾತೂ ಪೂರ್ತಿ ಹುಸಿಯಲ್ಲ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಹೊಟ್ಟೆಗೆ ಬಿದ್ದರೆ ಕೆಟ್ಟ ಕೊಲೆಸ್ಟರಾಲ್ ಶೇ 5ರ ಆಸುಪಾಸು ಇಳಿಯುತ್ತದೆ. ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1997ರಲ್ಲಿಯೇ ಓಟ್ಸ್ ಪ್ಯಾಕೆಟ್ಟಿನ ಮೇಲೆ ಈ ಥರದ ಮಾತು ಹಾಕಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಆದರೆ ಆ 3 ಗ್ರಾಂ ಸಿಗಬೇಕಾದರೆ ಸುಮಾರು 75 ಗ್ರಾಂ ಓಟ್ಸ್ ತಿನ್ನಬೇಕು, ಅಂದರೆ ಹೆಚ್ಚುಕಡಿಮೆ ಒಂದು ಕಪ್ ಒಣ ಓಟ್ಸ್, ಪ್ರತಿದಿನ. ಹಾಲಿಗೆ ಎರಡು ಚಮಚ ಉದುರಿಸಿಕೊಂಡು ಫೋಟೋ ಹಾಕುವವರಿಗೆ ಆ ಲಾಭ ಇಲ್ಲ. ಮಧ್ಯಾಹ್ನದ ಮುದ್ದೆ ಹಾಗೇ ಇರಲಿ. ಬೆಳಗಿನ ಇಡ್ಲಿ–ಚಿತ್ರಾನ್ನದ ಬದಲು ವಾರದಲ್ಲಿ ಕೆಲವು ದಿನ ಓಟ್ಸ್ ಗಂಜಿಗೆ ಮಜ್ಜಿಗೆ, ಈರುಳ್ಳಿ, ಒಗ್ಗರಣೆ ಹಾಕಿ ಕೊಡಿ. ಕರಿದದ್ದನ್ನು ನಿಲ್ಲಿಸಿದ್ದಾರಾ ಅಂತ ಮಾತ್ರ ವಿಚಾರಿಸಿ, ಮೈದುನ ಅದರ ಬಗ್ಗೆ ಫೋನ್ ಮಾಡಿದ ಹಾಗೆ ಕಾಣುವುದಿಲ್ಲ.

ಮಗಳ ಬಾಣಂತನಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದಿದ್ದೇನೆ. ಇಲ್ಲಿ ಪಿನ್‌ಹೆಡ್, ಮೀಡಿಯಂ, ಫೈನ್ ಅಂತ ಬೇರೆಯೇ ಓಟ್‌ಮೀಲ್ ಸಿಗುತ್ತದೆ. ಬಾಣಂತಿಗೆ ಕೊಡಬಹುದೇ? ನಮ್ಮೆಜಮಾನರು ಕುದುರೆ ಮೇವು ಅಂತ ಊರಿಂದಲೇ ನಗುತ್ತಿದ್ದಾರೆ. – ಓದುಗರು, ಮೂಲತಃ ಮೈಸೂರು

ಧಾರಾಳವಾಗಿ ಕೊಡಿ, ನೀವಿರುವುದೇ ಓಟ್ಸಿನ ತವರಿನಲ್ಲಿ. ಯಜಮಾನರಿಗೆ ಹೇಳಿ, ಈ ಕುದುರೆಯ ಚಟಾಕಿ ಹಳೆಯದು: 1755ರ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ ಈ ಧಾನ್ಯ ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುತ್ತದೆ ಅಂತ ಕುಟುಕಿದ್ದರು. ನಮ್ಮ ಉತ್ತರ ಭಾರತದಲ್ಲೂ ಚಳಿಗಾಲದಲ್ಲಿ ಬೆಳೆಯುವ ಓಟ್ಸ್ ಹೆಚ್ಚಾಗಿ ಹಸು–ಎಮ್ಮೆಗಳ ಮೇವಿಗೇ.

ಪಿನ್‌ಹೆಡ್ ಅಂದರೆ ಸ್ಟೀಲ್ ಕಟ್ಟೇ. ಮೀಡಿಯಂ ನಿಮಗೆ ಉಪ್ಪಿಟ್ಟು ರವೆಯ ಹದದಲ್ಲಿ ಸಿಗುತ್ತದೆ, ಫೈನ್ ಹಿಟ್ಟಿನ ಹದ. ಬಾಣಂತಿಗೆ ಮೀಡಿಯಂ ತನ್ನಿ. ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ, ಹತ್ತು ನಿಮಿಷದಲ್ಲಿ ಅಂಬಲಿಯಾಗುತ್ತದೆ. ಅಲ್ಲಿಯವರು ಸ್ಪರ್ಟಲ್ ಅನ್ನುವ ಉದ್ದನೆಯ ಮರದ ಕೋಲಿನಿಂದ ತಿರುಗಿಸುತ್ತಾರೆ. ಅಲ್ಲಿನ ಹೈಲ್ಯಾಂಡ್ ಗುಡ್ಡನಾಡಿನ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ಗಂಜಿ ಕಾಯಿಸುವ ವಿಶ್ವ ಸ್ಪರ್ಧೆಯೇ ನಡೆಯುತ್ತದೆ. ಮುಖ್ಯ ಸುತ್ತಿನಲ್ಲಿ ಓಟ್‌ಮೀಲ್, ನೀರು, ಉಪ್ಪು ಬಿಟ್ಟು ಇನ್ನೇನೂ ಹಾಕುವ ಹಾಗಿಲ್ಲ. ನೀವು ಮಾತ್ರ ಜೀರಿಗೆ, ಬೆಳ್ಳುಳ್ಳಿ, ತುಪ್ಪ ಹಾಕಿ. ಫೈನ್ ಹಿಟ್ಟನ್ನು ಮೀಡಿಯಂ ಜೊತೆ ಬಿಸಿನೀರಿನಲ್ಲಿ ಕಲಸಿ ತವದ ಮೇಲೆ ರೊಟ್ಟಿ ಮಾಡಬಹುದು, ಅಲ್ಲಿಯ ಓಟ್‌ಕೇಕ್ ಸುಮಾರಾಗಿ ಅದೇ.

ಓಟ್ಸ್ ಹಾಲು ಮನೆಯಲ್ಲೇ ಮಾಡಿ ಫಿಲ್ಟರ್ ಕಾಫಿಗೆ ಹಾಕಿದೆ. ಕಾಫಿ ಗಂಜಿಯಾಯಿತು. – ಬೆಂಗಳೂರು

ಆಗಲೇಬೇಕು. ಕಾಯಿಸಿದರೆ ಪಿಷ್ಟ ಗಟ್ಟಿಯಾಗದೆ ಇನ್ನೇನು ಮಾಡೀತು? ಅಂಗಡಿಯ ಓಟ್ಸ್ ಹಾಲಿಗೆ ಕಿಣ್ವ ಹಾಕಿ ಪಿಷ್ಟವನ್ನು ಒಡೆದಿರುತ್ತಾರೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 1990ರ ದಶಕದ ಆರಂಭದಲ್ಲಿ ಕಂಡುಕೊಂಡ ದಾರಿ ಅದು. ಒಡೆದ ಪಿಷ್ಟ ಸಕ್ಕರೆಯಾಗುತ್ತದೆ, ಅದಕ್ಕೇ ಸಕ್ಕರೆ ಹಾಕದಿದ್ದರೂ ಸಿಹಿ. ಮನೆಯದ್ದನ್ನು ತಣ್ಣನೆಯ ರಾಗಿ ಮಾಲ್ಟಿಗೋ ಹಣ್ಣಿನ ಜ್ಯೂಸಿಗೋ ಬಳಸಿ. ತಣ್ಣೀರಿನಲ್ಲಿ ಅರ್ಧ ನಿಮಿಷ ಮಾತ್ರ ಮಿಕ್ಸಿ ತಿರುಗಿಸಿ ಸೋಸಿ, ಬಟ್ಟೆ ಹಿಂಡಬೇಡಿ. ಹಸುವಿನ ಹಾಲಿನ ಕ್ಯಾಲ್ಸಿಯಂ ಇದರಲ್ಲಿ ಇಲ್ಲ. ಕಾಫಿಗೆ ಹಾಲೇ ಹಾಕಿ.

ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಓಟ್ಸ್ ತಿನ್ನಬಹುದೇ? – ಬೆಳಗಾವಿ

ಬೇಡ. ನಾರು ಮಾತ್ರೆಯನ್ನು ಸರಿಯಾಗಿ ಹೀರಲು ಬಿಡುವುದಿಲ್ಲ. ಖಾಲಿ ಹೊಟ್ಟೆಗೆ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ.

ಮಗನಿಗೆ ಸೀಲಿಯಾಕ್ ಅಂದಿದ್ದಾರೆ, ಗೋಧಿ ಮುಟ್ಟುವಂತಿಲ್ಲ. ಓಟ್ಸ್ ಆಗುತ್ತದೆಯೇ? – ಧಾರವಾಡ

ಸೀಲಿಯಾಕ್ ಇದ್ದವರಿಗೆ ಆಗದ ಪ್ರೋಟೀನ್, ಅಂದರೆ ಗೋಧಿಯ ಗ್ಲುಟನ್, ಓಟ್ಸಿನಲ್ಲಿ ಇಲ್ಲ, ಆದರೆ ಹೊಲ, ಲಾರಿ, ಮಿಲ್ಲು ಎಲ್ಲ ಕಡೆಯೂ ಗೋಧಿಯೊಂದಿಗೆ ಬೆರೆಯುತ್ತದೆ. ಗ್ಲುಟನ್ ಫ್ರೀ ಎಂದು ಮುದ್ರಿಸಿದ ಪ್ಯಾಕೆಟ್ ಮಾತ್ರ, ಅದೂ ಮಗುವನ್ನು ನೋಡುತ್ತಿರುವ ವೈದ್ಯರು ಒಪ್ಪಿದರೆ. ಕೆಲವು ಮಕ್ಕಳಿಗೆ ಶುದ್ಧ ಓಟ್ಸೂ ಒಗ್ಗುವುದಿಲ್ಲ. ಜೋಳ, ರಾಗಿ, ನವಣೆಗೆ ನಿಮ್ಮ ಕಡೆ ಬರವೇ?

ಮಳೆಗಾಲದಲ್ಲಿ ಓಟ್ಸ್ ಕಹಿಯಾಗುತ್ತದೆ. ಹುಳವೂ ಇಲ್ಲ, ಬೂಷ್ಟೂ ಇಲ್ಲ. ಹೋದ ವಾರ ತಂದ ಪ್ಯಾಕೆಟ್ ಒಡೆದಾಗಲೇ ಹೀಗಿತ್ತು. ಹುರಿದರೆ ಸರಿಹೋದೀತೇ? – ಉಡುಪಿ

ಅದು ಕಮಟು. ಅಕ್ಕಿ–ಗೋಧಿಗಿಂತ ಓಟ್ಸಿನಲ್ಲಿ ಕೊಬ್ಬು ಜಾಸ್ತಿ, ನೂರಕ್ಕೆ ಏಳರ ಹತ್ತಿರ. ಜೊತೆಗೆ ಆ ಕೊಬ್ಬನ್ನು ಒಡೆಯುವ ಕಿಣ್ವವೂ ಕಾಳಿನಲ್ಲೇ ಇದೆ. ಮಿಲ್ಲಿನಲ್ಲಿ ಹಬೆ ಹಾಯಿಸುವುದು ಆ ಕಿಣ್ವವನ್ನು ಸಾಯಿಸಲಿಕ್ಕೇ. ಅಲ್ಲಿ ಹದ ತಪ್ಪಿದರೆ, ಅಥವಾ ಪ್ಯಾಕೆಟ್ ಬಿಸಿಲು–ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತರೆ, ಒಡೆಯುವ ಮೊದಲೇ ಕೆಟ್ಟಿರುತ್ತದೆ. ತಯಾರಾದ ತಿಂಗಳು ನೋಡಿ ಅರ್ಧ ಕಿಲೋದ ಪ್ಯಾಕೆಟ್ ಮಾತ್ರ ತನ್ನಿ, ಒಡೆದ ಮೇಲೆ ಬಿಗಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಕಮಟು ಬಂದದ್ದು ಹುರಿದರೂ ಹೋಗುವುದಿಲ್ಲ, ಬೆಲ್ಲ ಹಾಕಿದರೂ ಮುಚ್ಚುವುದಿಲ್ಲ. ಅಂಗಡಿಗೆ ವಾಪಸ್ ಕೊಡಿ. ಬಿಲ್ ಇಟ್ಟುಕೊಂಡಿದ್ದೀರಿ ತಾನೆ?