ಓದುಗರ ಪ್ರಶ್ನೆ: ಗಾಳಿ ಓಡದೆ ಬರ್ನರ್ ಹತ್ತಬಾರದು

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಪೇಂಟಿಂಗ್ ಶೆಡ್ ಇದೆ. ಪೇಂಟ್ ಹೊಡೆಯುವ ಬೂತ್ 4 ಮೀಟರ್ ಅಗಲ, 3 ಮೀಟರ್ ಎತ್ತರ. ಮಳೆಗಾಲದಲ್ಲೂ ಜನವರಿ ಬೆಳಿಗ್ಗೆಯೂ ಪೇಂಟ್ ಬೇಗ ಒಣಗುವುದಿಲ್ಲ, ಮೇಲೆ ಬೆಳ್ಳಗೆ ಮಂಕು ಬರುತ್ತದೆ. ಅದಕ್ಕೆ ಗ್ಯಾಸ್ ಮೇಕಪ್ ಏರ್ ಹೀಟರ್ (ಹೊರಗೆ ಹೋದ ಗಾಳಿಯ ಬದಲಿಗೆ ಬಿಸಿ ಗಾಳಿ ಕೊಡುವ ಹೀಟರ್) ಒಂದನ್ನು ಸೆಕೆಂಡ್ ಹ್ಯಾಂಡ್ ತಂದೆವು. ಅದು ಪೈಪ್ ಗ್ಯಾಸ್‌ಗೆ ಮಾಡಿದ್ದು, ನಮ್ಮಲ್ಲಿರುವುದು ಎಲ್‌ಪಿಜಿ ಸಿಲಿಂಡರ್. ರೆಗ್ಯುಲೇಟರ್ ಬದಲಾಯಿಸಿದರೆ ಸಾಕು, ಕೆಟ್ಟಿರುವ ಏರ್‌ಫ್ಲೋ ಸ್ವಿಚ್ಚನ್ನು ಬೈಪಾಸ್ ಮಾಡೋಣ ಅಂತ ಫಿಟ್ಟರ್ ಹೇಳುತ್ತಾರೆ. ಮಾಡಿಸಬಹುದಾ?

ಉತ್ತರ: ಬೇಡ. ಎರಡನ್ನೂ ಮಾಡಿಸಬೇಡಿ.

ಮೊದಲು ಸ್ವಿಚ್ಚಿನ ವಿಷಯ. ಬೂತಿನಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಗಾಳಿ ಓಡಬೇಕು ಅಂದರೆ, ನಿಮ್ಮ ಅಳತೆಗೆ ಎಕ್ಸಾಸ್ಟ್ ಫ್ಯಾನ್ ಗಂಟೆಗೆ 21,600 ಘನ ಮೀಟರ್ ಗಾಳಿ ಹೊರಗೆ ಹಾಕುತ್ತದೆ. ಅಷ್ಟೇ ಗಾಳಿ ಒಳಗೆ ಬರಬೇಕಲ್ವಾ? ಅದನ್ನು ಬಿಸಿ ಮಾಡಿ ಕೊಡುವುದೇ ಈ ಹೀಟರ್. ಇಂಥ ಹೀಟರ್‌ಗಳಲ್ಲಿ ಹೆಚ್ಚಿನವು ನೇರ ಉರಿಯವು, ಬೆಂಕಿ ಗಾಳಿಯ ದಾರಿಯಲ್ಲೇ ಉರಿಯುತ್ತದೆ, ಹೊಗೆಕೊಳವೆ ಇರುವುದಿಲ್ಲ. ಫ್ಯಾನ್ ನಿಂತು ಉರಿ ಮಾತ್ರ ಮುಂದುವರಿದರೆ ಏನಾಗುತ್ತದೆ ಯೋಚಿಸಿ: ಒಳಗೆ ಥಿನ್ನರ್ ಆವಿ, ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್, ಪಕ್ಕದಲ್ಲೇ ಬೆಂಕಿ. ಗಾಳಿ ನಿಂತ ಕೂಡಲೇ ಗ್ಯಾಸ್ ಮುಚ್ಚುವಂತೆ ನೋಡಿಕೊಳ್ಳುವುದು ಆ ಸ್ವಿಚ್. ಹಿಂದೆ ಒಂದು ಶೆಡ್‌ನಲ್ಲಿ ಅದರ ಎರಡು ತುದಿಗೆ ತಂತಿ ಸುತ್ತಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಕೆಲಸ ನಿಲ್ಲಿಸಿ, ಹೊಸ ಸ್ವಿಚ್ ಹಾಕಿಸಿದ ಮೇಲೆಯೇ ಅಲ್ಲಿಂದ ಹೊರಟೆ. ನೀವೂ ಹೊಸದನ್ನೇ ಹಾಕಿಸಿ.

ಕ್ರಮ ಹೀಗಿರಬೇಕು. ಮೊದಲು ಎಕ್ಸಾಸ್ಟ್, ಆಮೇಲೆ ಹೀಟರ್‌ನ ಬ್ಲೋವರ್, ಗಾಳಿ ಓಡುತ್ತಿದೆ ಎಂದು ಸ್ವಿಚ್ ಖಚಿತಪಡಿಸಬೇಕು, ಒಳಗಿನ ಹಳೇ ಗಾಳಿ ಕನಿಷ್ಠ ನಾಲ್ಕು ಸಲ ಬದಲಾಗುವಷ್ಟು ಹೊತ್ತು ಸುಮ್ನೆ ಓಡಬೇಕು, ಆಮೇಲಷ್ಟೇ ಕಿಡಿ. ಉರಿ ಹತ್ತಲಿಲ್ಲವೋ, ಸಾಲಾಗಿರುವ ಎರಡೂ ಸೇಫ್ಟಿ ವಾಲ್ವ್‌ಗಳು ತಾನಾಗಿ ಮುಚ್ಚಬೇಕು. ಇದನ್ನು ಪರೀಕ್ಷೆ ಮಾಡದೆ ಫಿಟ್ಟರ್‌ಗೆ ಹಣ ಕೊಡಬೇಡಿ. ಹೀಟರ್ ಓಡುವಾಗ ನಿಮ್ಮ ಕೈಯಾರೆ ಎಕ್ಸಾಸ್ಟ್ ಆಫ್ ಮಾಡಿ. ಬೆಂಕಿ ತಕ್ಷಣ ಆರಬೇಕು.

ಇನ್ನು ಗ್ಯಾಸ್. ಒಂದು ಘನ ಮೀಟರ್ ಎಲ್‌ಪಿಜಿಯಲ್ಲಿ ಪೈಪ್ ಗ್ಯಾಸ್‌ಗಿಂತ ಸುಮಾರು ಎರಡೂವರೆಯಿಂದ ಮೂರು ಪಟ್ಟು ಶಾಖ ಇದೆ. ಅದನ್ನು ಪೈಪ್ ಗ್ಯಾಸ್‌ನ ತೂತಿನಲ್ಲೇ ಬಿಟ್ಟರೆ ಉರಿ ಉದ್ದವಾಗಿ ಹಳದಿಯಾಗುತ್ತದೆ, ಮಸಿ ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಜಾಸ್ತಿಯಾಗುತ್ತದೆ. ನಾಝಲ್, ರೆಗ್ಯುಲೇಟರ್, ಪ್ರೆಶರ್ ಸ್ವಿಚ್ ಸೆಟ್ಟಿಂಗ್ ಎಲ್ಲವೂ ಬದಲಾಗಬೇಕು, ಅದೂ ಆ ಹೀಟರ್ ಮಾಡಿದ ಕಂಪನಿಯ ಕಿಟ್‌ನಿಂದ. ಕಿಟ್ ಸಿಗದಿದ್ದರೆ ಎಲ್‌ಪಿಜಿಗೆ ಹಾಕಲೇಬೇಡಿ. ನಿಮ್ಮ ರಸ್ತೆಗೆ ಗೇಲ್ ಗ್ಯಾಸ್ ಪೈಪ್ ಬಂದಿದೆಯಾ ವಿಚಾರಿಸಿ, ಬಂದಿದ್ದರೆ ಈ ತಲೆನೋವೇ ಇರುವುದಿಲ್ಲ.

ಒಂದು ಲೆಕ್ಕ ಕೂಡ ಹೇಳಲೇಬೇಕು. ಅಷ್ಟು ಗಾಳಿಯನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 72 ಕಿಲೋವ್ಯಾಟ್ ಬೇಕು, ಅಂದರೆ ಗಂಟೆಗೆ ಸುಮಾರು 6 ಕೆ.ಜಿ. ಎಲ್‌ಪಿಜಿ. 19 ಕೆ.ಜಿ.ಯ ಒಂದು ಸಿಲಿಂಡರ್ ಒಂದೇ ಸಮನೆ ಕೊಡುವ ಆವಿ ಗಂಟೆಗೆ 1 ಕೆ.ಜಿ. ಆಸುಪಾಸು. ಮೀರಿ ಎಳೆದರೆ ಸಿಲಿಂಡರಿನ ಮೈಮೇಲೆ ಮಂಜು ಕಟ್ಟಿ ಪ್ರೆಶರ್ ಬಿದ್ದುಹೋಗುತ್ತದೆ. ಹಾಗಾಗಿ ಒಟ್ಟಿಗೆ ಆರು ಸಿಲಿಂಡರ್ ಬೇಕು, ಅದು 114 ಕೆ.ಜಿ. ಆಯಿತು. 2016ರ ಗ್ಯಾಸ್ ಸಿಲಿಂಡರ್ ನಿಯಮದಲ್ಲಿ ಲೈಸೆನ್ಸ್ ಇಲ್ಲದೆ ಇಡಬಹುದಾದ್ದು 100 ಕೆ.ಜಿ. ಮಾತ್ರ. ಸ್ಪೇರ್ ಸಿಲಿಂಡರ್‌ಗಳೂ ಲೆಕ್ಕಕ್ಕೆ ಸೇರುತ್ತವೆ. ಆರ್ಡರ್ ಮಾಡುವ ಮುಂಚೆಯೇ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಲೈಸೆನ್ಸ್ ವಿಷಯ ಮುಗಿಸಿಕೊಳ್ಳಿ.

ಸಿಲಿಂಡರ್‌ಗಳು ಶೆಡ್ಡಿನ ಹೊರಗಿರಲಿ, ಚರಂಡಿ, ಗುಂಡಿ, ಸಂಪಿನ ಹತ್ತಿರ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತುಬಿಡುತ್ತದೆ. ಅದಕ್ಕೇ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಪೈಪ್ ಗ್ಯಾಸ್ ಆದರೆ ಸೂರಿನ ಹತ್ತಿರ. ಗಾಳಿ ಎಳೆಯುವ ಬಾಯಿ ಎಕ್ಸಾಸ್ಟ್‌ನಿಂದ ಕನಿಷ್ಠ 3 ಮೀಟರ್ ದೂರ ಇರಲಿ, ಇನ್ನೂ ದೂರವಾದರೆ ಒಳ್ಳೆಯದು. ಪೈಪ್ ಲೀಕ್ ಟೆಸ್ಟ್‌ಗೆ ಸೋಪಿನ ನೀರು, ಬೆಂಕಿಕಡ್ಡಿ ಅಲ್ಲ. ಟೆಸ್ಟ್ ಮಾಡಲು ಪೈಪಿಗೆ ಜಾಸ್ತಿ ಪ್ರೆಶರ್ ಹಾಕುವಾಗ ಹೀಟರ್ ಕಳಚಿಡಿ, ಇಲ್ಲದಿದ್ದರೆ ಅದರ ವಾಲ್ವ್ ಹಾಳಾಗುತ್ತದೆ.

ಪ್ರಶ್ನೆ: ಮಲ್ಲೇಶ್ವರದಲ್ಲಿ ದರ್ಶಿನಿ ನಡೆಸುತ್ತೇನೆ. ಎಕ್ಸಾಸ್ಟ್ ಹಾಕಿದರೆ ಅಡುಗೆಮನೆ ಬಾಗಿಲು ಎಳೆದರೂ ಬರುವುದಿಲ್ಲ, ಒಲೆ ಉರಿ ವಾಲುತ್ತದೆ. ನಮಗೂ ಈ ಹೀಟರ್ ಬೇಕಾ?

ಉತ್ತರ: ಬೆಂಗಳೂರಿನ ಹವೆಗೆ ನಿಮಗೆ ಹೀಟರ್ ಬೇಡ, ಗಾಳಿ ಬೇಕು. ಹೊರಗೆ ಹೋಗುವಷ್ಟು ಗಾಳಿ ಒಳಗೆ ಬರಲು ದಾರಿಯೇ ಇಲ್ಲ. ಫಿಲ್ಟರ್ ಇರುವ ಒಂದು ಸಪ್ಲೈ ಫ್ಯಾನ್ ಹಾಕಿಸಿ, ಎಕ್ಸಾಸ್ಟ್‌ನ ಸುಮಾರು 80 ಶೇಕಡಾ ಗಾಳಿ ಅದರಿಂದ ಬರಲಿ, ಉಳಿದದ್ದು ಊಟದ ಹಾಲ್‌ನಿಂದ ಬರುತ್ತದೆ. ಗಾಳಿ ನೇರವಾಗಿ ಒಲೆ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಫ್ಯಾನ್ ಬರುವ ತನಕ ಕಿಟಕಿ ತೆರೆದೇ ಇರಲಿ.