ಇಪ್ಪತ್ತು ಚೀಟಿಗಳ ಆವರ್ತ ಕೋಷ್ಟಕ

ಪ್ರಶ್ನೆ: ಒಂಬತ್ತನೇ ತರಗತಿ ಮಕ್ಕಳಿಗೆ ಆವರ್ತ ಕೋಷ್ಟಕ ಬಾಯಿಪಾಠ ಆಗುತ್ತಿಲ್ಲ. ಹಾಡು, ಸುಲಭ ಸೂತ್ರ ಏನಾದರೂ ಇದೆಯೇ?
ಶಿಕ್ಷಕಿ, ಸಿಂಧನೂರು

ಮತ್ತೆ ಇದೇ ಪ್ರಶ್ನೆ! ಹಾಡು ಕಲಿತ ಮಗು ಹಾಡನ್ನು ಒಪ್ಪಿಸುತ್ತದೆ. ಸೋಡಿಯಂ ಕೆಳಗೆ ಪೊಟ್ಯಾಸಿಯಂ ಯಾಕೆ ಕೂತಿದೆ ಎಂದು ಕೇಳಿ, ಬಾಯಿ ಬಿಡುವುದಿಲ್ಲ. 118 ಹೆಸರು ಆ ವಯಸ್ಸಿಗೆ ಬೇಡವೇ ಬೇಡ. ಮೊದಲ 20 ಸಾಕು, ಅವನ್ನೂ ಮಕ್ಕಳೇ ಜೋಡಿಸಲಿ.

ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯಲ್ಲಿ 20 ಚೀಟಿ ಮಾಡಿ, ನಾಲ್ಕು ಮಕ್ಕಳಿಗೆ ಒಂದು ಕಟ್ಟು. ಚೀಟಿಯ ಮೇಲೆ ಮೂರೇ ಸಂಗತಿ: ಹೆಸರು, ಪರಮಾಣು ತೂಕ, ವೇಲೆನ್ಸಿ (ಬೇರೆ ಪರಮಾಣುಗಳ ಜೊತೆ ಕೂಡುವ ಶಕ್ತಿಯ ಅಂಕಿ). ಕಾರ್ಬನ್‌ಗೆ 4, ನೈಟ್ರೋಜನ್‌ಗೆ 3, ಆಕ್ಸಿಜನ್‌ಗೆ 2, ಫ್ಲೋರಿನ್‌ಗೆ 1, ನಿಯಾನ್‌ಗೆ 0. ಪರಮಾಣು ಸಂಖ್ಯೆ ಬರೆಯಲೇಬೇಡಿ. ಬರೆದರೆ 1, 2, 3 ಎಂದು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ತೂಕಕ್ಕೆ ಒಂದು ದಶಮಾಂಶ ಇರಲಿ: ಪೊಟ್ಯಾಸಿಯಂ 39.1, ಆರ್ಗಾನ್ 39.9, ಕ್ಯಾಲ್ಸಿಯಂ 40.1. ಪೂರ್ಣಾಂಕ ಮಾಡಿದರೆ ಕೊನೆಯ ಎರಡೂ 40 ಆಗಿ ಆಟ ಕೆಡುತ್ತದೆ.

ಹೈಡ್ರೋಜನ್, ಹೀಲಿಯಂ ಪಕ್ಕಕ್ಕಿರಲಿ. ಲಿಥಿಯಂನಿಂದ ಶುರುಮಾಡಿ ತೂಕದ ಕ್ರಮದಲ್ಲಿ ಇಡುತ್ತಾ ಹೋದರೆ ವೇಲೆನ್ಸಿ 1, 2, 3, 4, 3, 2, 1, 0 ಎಂದು ಏರಿ ಇಳಿಯುತ್ತದೆ. 0 ಆದ ಮೇಲೆ ಮತ್ತೆ 1 ಬಂದಲ್ಲಿ ಹೊಸ ಸಾಲು, ಅಂದರೆ ಸಾಲಿಗೆ ಎಂಟು ಚೀಟಿ. ಸೋಡಿಯಂ ತಾನಾಗಿ ಲಿಥಿಯಂ ಕೆಳಗೆ ಬರುತ್ತದೆ. ಎಡವುವುದು ಎರಡನೇ ಸಾಲಿನ ತುದಿಯಲ್ಲಿ. ತೂಕವನ್ನೇ ನಂಬಿದವರ ಪೊಟ್ಯಾಸಿಯಂ ನಿಯಾನ್ ಕೆಳಗೂ ಆರ್ಗಾನ್ ಸೋಡಿಯಂ ಕೆಳಗೂ ಹೋಗಿ ಕೂರುತ್ತವೆ. ದಯವಿಟ್ಟು ಓಡಿಹೋಗಿ ತಿದ್ದಬೇಡಿ! ತೂಕ ನೋಡಬೇಕೋ ಗುಣ ನೋಡಬೇಕೋ ಎಂದು ಹತ್ತು ನಿಮಿಷ ಜಗಳವಾಡಲಿ. 1869ರಲ್ಲಿ ಕೋಷ್ಟಕ ರಚಿಸಿದ ರಷ್ಯಾದ ವಿಜ್ಞಾನಿ ಮೆಂಡಲೀವ್‌ಗೆ ಆರ್ಗಾನ್ ಗೊತ್ತಿರಲಿಲ್ಲ, ಆದರೆ ಟೆಲ್ಯೂರಿಯಂ ಮತ್ತು ಅಯೋಡಿನ್ ಇದೇ ಕಾಟ ಕೊಟ್ಟವು. ಆತ ಗುಣದ ಪಕ್ಷ ವಹಿಸಿದ. ಕ್ರಮ ತೂಕದ್ದಲ್ಲ, ನ್ಯೂಕ್ಲಿಯಸ್‌ನ ವಿದ್ಯುದಾವೇಶದ್ದು, ಅಂದರೆ ಅದರೊಳಗಿನ ಪ್ರೋಟಾನ್‌ಗಳ ಎಣಿಕೆಯದ್ದು, ಎಂದು ಬ್ರಿಟಿಷ್ ಭೌತವಿಜ್ಞಾನಿ ಮೋಸ್ಲಿ ತೋರಿಸಿದ್ದು 1913ರಲ್ಲಿ. ಜಗಳ ಮುಗಿದ ಮೇಲೆ ಚೀಟಿಗಳ ಹಿಂದೆ ಆ ಎಣಿಕೆಯನ್ನು, ಅಂದರೆ ಪರಮಾಣು ಸಂಖ್ಯೆಯನ್ನು, ಬರೆಸಿ.

ಮರುದಿನ ಸೋಡಿಯಂ ಚೀಟಿಯನ್ನು ಬಚ್ಚಿಟ್ಟು ಕಟ್ಟು ಕೊಡಿ. ಮೇಲೆ ಲಿಥಿಯಂ 6.9, ಕೆಳಗೆ ಪೊಟ್ಯಾಸಿಯಂ 39.1, ಸರಾಸರಿ 23. ಕಾಣದ ಧಾತುವಿನ ತೂಕ ಮಗುವಿನ ಕೈಯಲ್ಲೇ ಸಿಕ್ಕಿತು. ಅಲ್ಯೂಮಿನಿಯಂ ಕೆಳಗೆ ಖಾಲಿ ಜಾಗ ಬಿಟ್ಟು, ನಮ್ಮ ಸಂಸ್ಕೃತದ 'ಏಕ' ಸೇರಿಸಿ 'ಏಕ-ಅಲ್ಯೂಮಿನಿಯಂ' ಎಂದು ಮೆಂಡಲೀವ್ ಹೆಸರಿಟ್ಟದ್ದನ್ನೂ, 1875ರಲ್ಲಿ ಆ ಜಾಗಕ್ಕೆ ಗ್ಯಾಲಿಯಂ ಬಂದದ್ದನ್ನೂ ಆಗ ಹೇಳಿ.

ಪ್ರಶ್ನೆ: ಪಾದರಸಕ್ಕೆ ಬೇರು ಹಾಕಿ ಕಾಯಿಸಿ ಚಿನ್ನ ಮಾಡುವವರೊಬ್ಬರು ಊರಿಗೆ ಬಂದಿದ್ದಾರೆ. ಕೋಷ್ಟಕದಲ್ಲೂ ಅವೆರಡು ಪಕ್ಕಪಕ್ಕ ಇವೆಯಲ್ಲ?
ಲಿಂಗಸುಗೂರು

ಪರಮಾಣು ಸಂಖ್ಯೆ ನೋಡಿ: ಪಾದರಸ 80, ಚಿನ್ನ 79. ನಡುವಿನ ಆ ಒಂದು ಪ್ರೋಟಾನನ್ನು ಯಾವ ಬೇರೂ ಯಾವ ಒಲೆಯೂ ಅಲ್ಲಾಡಿಸಲಾರದು. ನಿಮ್ಮ ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲೂ ಚಿನ್ನವನ್ನು ಯಾರೂ ಮಾಡುವುದಿಲ್ಲ. ಕಲ್ಲಿನಲ್ಲಿ ಇದ್ದದ್ದನ್ನು ಅರೆದು, ಸಯನೈಡ್ ದ್ರಾವಣದಲ್ಲಿ ಕರಗಿಸಿ ಹೊರತೆಗೆಯುತ್ತಾರೆ. ಆತ ಶುದ್ಧ ಮೋಸಗಾರ. ಕಾದ ಪಾದರಸದ ಆವಿ ಶ್ವಾಸಕೋಶ, ನರಗಳನ್ನು ಕೆಡಿಸುತ್ತದೆ. ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳೇ ನೀರಿಗೆ ಸೋಡಿಯಂ ಹಾಕಬಹುದೇ?
ಗಂಗಾವತಿ

ಬೇಡ. ವಿಡಿಯೊ ತೋರಿಸಿ.

ಪ್ರಶ್ನೆ: ಜೀನ್ಸ್ ಮಸುಕು ಮಾಡುವ ಪೊಟ್ಯಾಸಿಯಂ ಪರ್ಮಾಂಗನೇಟ್ ಮನೆಯಲ್ಲಿದೆ. ಮಗ ಪ್ರಯೋಗಕ್ಕೆ ಕೇಳುತ್ತಾನೆ.
ಬಳ್ಳಾರಿ

ಪುಡಿ ಕೊಡಬೇಡಿ, ಅದಕ್ಕೆ ಗ್ಲಿಸರಿನ್ ತಾಗಿದರೆ ಕಡ್ಡಿ ಗೀರದೆಯೂ ಬೆಂಕಿ ಹತ್ತುತ್ತದೆ. ನೀವೇ ಒಂದು ಹರಳನ್ನು ಒಂದು ಲೀಟರ್ ನೀರಿಗೆ ಹಾಕಿ, ಆ ಗುಲಾಬಿ ನೀರಿಗೆ ಅವನು ನಿಂಬೆರಸ ಹಿಂಡಲಿ. ಬಣ್ಣ ಹೋಗುವುದನ್ನು ನೋಡಿದ ಮೇಲೆ ಡಬ್ಬಿಗೆ ಬೀಗ ಹಾಕಿ.